ಹಿತ್ತಿಲ ಚಪ್ಪಡಿಗೆ ಕುಂಕುಮ

ನಮ್ಮ ಮನೆ ಮಳವಳ್ಳಿಯ ಅಂಚಿನಲ್ಲಿದೆ. ಹಿಂಬಾಗಿಲಿನಿಂದ ಕುರಿಕೊಟ್ಟಿಗೆಯವರೆಗೆ ಹಿತ್ತಿಲು ಪೂರಾ ಇಳಿಜಾರು. ಮನೆ ಕಟ್ಟಿಸುವಾಗ ನಮ್ಮ ಯಜಮಾನರು ಆ ಇಳಿಜಾರಿಗೆ ಸಿಮೆಂಟು ಹಾಕಿಸಿ, ಕರಣೆಯಿಂದ ನುಣ್ಣಗೆ ತೀಡಿಸಿ, "ಕನ್ನಡಿ ಕಣೇ, ಮುಖ ನೋಡ್ಕೊ" ಎಂದಿದ್ದರು. ಅವರ ಪಾಲಿಗೆ ನುಣುಪು ಎಂದರೆ ಪ್ರೋಗ್ರೆಸ್. ಅವರು ಹೋದ ಮೇಲೂ ಆ ಕನ್ನಡಿ ಉಳಿಯಿತು. ಪ್ರತಿ ಮಳೆಗಾಲದಲ್ಲೂ ಅದರ ಮೇಲೆ ಹಸಿರು ಪಾಚಿ ಕಟ್ಟುತ್ತಿತ್ತು. ನಾವು ಬ್ಲೀಚಿಂಗ್ ಪೌಡರ್ ಎರಚಿ ಕಡ್ಡಿ ಪೊರಕೆಯಲ್ಲಿ ಉಜ್ಜುತ್ತಿದ್ದೆವು. ಹೋದ ವರ್ಷದ ಮಳೆಯಲ್ಲಿ ಒಂದು ಬೆಳಗ್ಗೆ, ಉಜ್ಜುವ ಮೊದಲೇ, ಅಕ್ಕ ಸೊಪ್ಪಿನ ಕುಕ್ಕೆ ಹಿಡಿದು ಇಳಿದರು. ಕುಕ್ಕೆ ಕೊಟ್ಟಿಗೆಯವರೆಗೂ ಉರುಳಿಕೊಂಡು ಹೋಯಿತು. ಅಕ್ಕ ಅರ್ಧ ದಾರಿಯಲ್ಲಿ ಬಿದ್ದಿದ್ದರು.

ಅಕ್ಕ ಎಂದರೆ ನಮ್ಮ ಯಜಮಾನರ ಅಕ್ಕ. ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡು ತಮ್ಮನ ಮನೆ ಸೇರಿದವರು. ನಾನು ಮದುವೆಯಾಗಿ ಬಂದಾಗ ಈ ಮನೆಯ ಸೌದೆ, ಸೊಪ್ಪು, ದನಕರು ಎಲ್ಲವೂ ಅವರ ಕೈಯಲ್ಲಿದ್ದವು. ನಾನೋ ಮೈಸೂರಿನ ಕಾನ್ವೆಂಟಿನಲ್ಲಿ ಓದಿದವಳು, ಮುಂದೆ ಮಂಡ್ಯದ ಹೈಸ್ಕೂಲಿನಲ್ಲಿ ಇಂಗ್ಲಿಷ್ ಹೇಳಿಕೊಟ್ಟು ರಿಟೈರ್ ಆದವಳು. ಮೊದಲ ವಾರದಲ್ಲೇ ಅವರು ನನಗೆ 'ದೊರ್ಸಾನಿ' ಎಂದು ಹೆಸರಿಟ್ಟರು, ಅದು ಇವತ್ತಿಗೂ ಹೋಗಿಲ್ಲ. ಈಗ ದನಗಳಿಲ್ಲ. ಅಕ್ಕನಿಗೆ ಉಳಿದಿರುವುದು ಎರಡು ಬಂಡೂರು ಕುರಿಗಳು, ಒಂದು ತಾಯಿ, ಒಂದು ಅದರ ಮಗಳು. ಮೋಟು ಕಾಲು, ದಿಂಬಿನಂಥ ಮೈ. ಅಕ್ಕನ ಕೆಮ್ಮು ಕೇಳಿದರೆ ಸಾಕು, ಎರಡೂ ಕೊಟ್ಟಿಗೆಯಿಂದ ಕತ್ತು ಹೊರಗೆ ಹಾಕುತ್ತವೆ.

ಬಿದ್ದಾಗ ಮುಂಗೈ ಮೂಳೆ ಮುರಿದಿತ್ತು. ಮೂಳೆ ಕೂಡಿಕೊಂಡಿತು. ಆದರೆ ಅಕ್ಕ ಮತ್ತೆ ಹಿತ್ತಿಲಿಗೆ ಇಳಿಯಲಿಲ್ಲ. ಕೋಲು ಹಿಡಿದು ಹಿಂಬಾಗಿಲವರೆಗೆ ಬರುವರು, ಹೊಸಿಲ ಒಳಗೆ ಮಣೆ ಹಾಕಿಕೊಂಡು ಕೂರುವರು, ಅಲ್ಲಿಂದಲೇ ಕುರಿಗಳ ಜೊತೆ ಮಾತಾಡುವರು. ಸೊಪ್ಪು ನಾನು ಹಾಕುತ್ತಿದ್ದೆ, ಇಲ್ಲವೆ ಮಗ ಆಫೀಸಿಗೆ ಹೋಗುವ ಮೊದಲು ಮುಖ ಗಂಟು ಹಾಕಿಕೊಂಡು ಹಾಕುತ್ತಿದ್ದ. ಅವನದು ಮದ್ದೂರಿನಲ್ಲಿ ಬ್ಯಾಂಕ್ ಕೆಲಸ. ಪ್ಯಾಂಟಿಗೆ ಕುರಿ ಮೂತಿ ಒರೆಸಿದರೆ ಇಡೀ ದಿನ ಗೊಣಗುವ ಜಾತಿ.

ಒಂದು ಸಂಜೆ ಕಾಫಿ ಕುಡಿಯುವಾಗ ಅವನೇ ಮಾತು ತೆಗೆದ.

"ಅತ್ತೆ, ಬಂಡೂರ್‌ನೋರು ಒಬ್ರು ಕೇಳ್ತಾವ್ರೆ. ತಳಿ ಚೆನ್ನಾಗದೆ, ಕೊಡಂಗಿದ್ರೆ ಕೊಡಿ ಅಂತ. ಕೊಟ್ಬುಡಾಣ್ವಾ?"

ಅಕ್ಕ ಲೋಟ ಕೆಳಗಿಟ್ಟರು. "ಕೊಟ್ಬುಡು. ನಾನೇ ಓಗಿ ಅವುಕ್ಕೆ ಸೊಪ್ಪಾಕಾಕಾಗ್ದಿದ್ ಮ್ಯಾಲೆ ಯಾವ ಚಂದಕ್ಕೆ ಮಡಿಕಳದು?"

ಅಷ್ಟು ಹೇಳಿ ಗೋಡೆ ಕಡೆ ತಿರುಗಿದರು. ಈ ಮನೆಗೆ ಬಂದು ಇಷ್ಟು ವರ್ಷವಾಯಿತು, ಅಕ್ಕ ಯಾವುದನ್ನೂ ಅಷ್ಟು ಸಲೀಸಾಗಿ ಬಿಟ್ಟುಕೊಟ್ಟದ್ದನ್ನು ನಾನು ಕಂಡಿರಲಿಲ್ಲ. ಒಂದು ಹಿಡಿ ಹುರುಳಿ ಹೊಟ್ಟಿಗೂ ಪಕ್ಕದವರ ಜೊತೆ ಜಗಳವಾಡುವ ಹೆಂಗಸು. ನನಗೆ ಅಲ್ಲೇ ಹಟ ಬಂತು.

"ನಾನು ದಾರಿ ಮಾಡಿಸ್ತೀನಿ. ಕಲ್ಲಿನ ದಾರಿ. ಜಾರದೇ ಇರೋ ಅಂಥದ್ದು. ಅಕ್ಕ ಅವರೇ ಹೋಗಿ ಸೊಪ್ಪು ಹಾಕ್ತಾರೆ."

"ಪೇವರ್ ಬ್ಲಾಕ್ ಹಾಕ್ಸಿದ್ರೆ ಒಂದೇ ದಿನ್ಕೆ ಮುಗ್ದೋಯ್ತದೆ ಅಮ್ಮ," ಎಂದ ಮಗ.

"ಪೆಟ್ರೋಲ್ ಬಂಕ್ ಅಲ್ಲ ಇದು."

"ಸರಿ, ನಿನ್ನಿಷ್ಟ. ದೀಪಾವಳಿ ಕಳುದ್ಮೇಲೆ ಬನ್ನಿ ಅಂತೀನಿ ಅವ್ರಿಗೆ. ಅಷ್ಟ್ರೊಳ್ಗೆ ಅತ್ತೆ ಒಬ್ರೇ ಕೊಟ್ಟಿಗೆಗೆ ಓದ್ರೆ ಕುರಿ ಇರ್ಲಿ. ಇಲ್ದಿದ್ರೆ ಸುಮ್ನೆ ಕೊಟ್ಬುಡಾಣ."

ಅಕ್ಕ ಗೋಡೆ ಕಡೆಯಿಂದಲೇ ಹೇಳಿದರು: "ದಾರಿ ಮೊದ್ಲೂ ಇತ್ತಲ್ಲ ಕಣಮ್ಮ. ಕಾಲೇ ಇಲ್ದಿರದು ಈಗ."

ಕಲ್ಲು ಹುಡುಕಲು ಹೊರಟಾಗ ನಾನು ಎರಡು ಸಾಮಾನು ಜೊತೆಯಲ್ಲಿಟ್ಟುಕೊಂಡೆ. ಒಂದು ನೀರಿನ ಬಾಟಲಿ, ಇನ್ನೊಂದು ಅಕ್ಕನ ಹಳೆಯ ಕೋಲು. ಕೂರುವ ಕಲ್ಲು, ನೋಡುವ ಕಲ್ಲು, ಗೋಡೆಗೆ ಅಂಟಿಸುವ ಕಲ್ಲು ಬೇರೆ. ವಯಸ್ಸಾದವರು ಮಳೆಯಲ್ಲಿ ನಡೆಯುವ ಕಲ್ಲನ್ನು ಒದ್ದೆ ಮಾಡಿ, ಬರಿಗಾಲಲ್ಲಿ ನಿಂತು, ಕೋಲು ಊರಿ ನೋಡದೆ ತರಕೂಡದು ಎಂದು ತೀರ್ಮಾನಿಸಿದ್ದೆ.

ಮಂಡ್ಯದ ಶೋರೂಮಿನಲ್ಲಿ ಎಸಿ ಇತ್ತು. ಟೈ ಕಟ್ಟಿದ ಹುಡುಗ "ಗಾರ್ಡನ್ ರೇಂಜ್ ಮೇಡಂ" ಎಂದು ಸಾಲಾಗಿ ತೋರಿಸಿದ. ಪಾಲಿಶ್ ಹಾಕಿದ ಗ್ರಾನೈಟು, ಕರೀ ಕಡಪ, ಹಳದಿ ಟೈಲ್ಸು. ನಾನು ಚಪ್ಪಲಿ ಬಿಟ್ಟು, ಬಾಟಲಿ ಬಿಚ್ಚಿ ಗ್ರಾನೈಟಿನ ಮೇಲೆ ನೀರು ಸುರಿದೆ.

"ಮೇಡಂ, ಮೇಡಂ, ಏನ್ ಮಾಡ್ತಿದ್ದೀರಾ?"

"ಟೆಸ್ಟಿಂಗ್," ಎಂದೆ. ಕೋಲು ಊರಿದೆ. ಕೋಲು ಸರ್ರನೆ ಹೋಯಿತು, ನಾನೂ ಅದರ ಹಿಂದೆಯೇ ಹೋಗುತ್ತಿದ್ದೆ, ಹುಡುಗ ತೋಳು ಹಿಡಿದುಕೊಂಡ. ಕಡಪದ ಮೇಲೆ ಅಷ್ಟು ಜಾರಲಿಲ್ಲ, ಆದರೆ ಅದು ಬಿಸಿಲಿಗೆ ಹೇಗೆ ಕಾಯುತ್ತದೆ ಎಂದು ನನಗೆ ಗೊತ್ತು. ಹಳೇ ಬಾಡಿಗೆ ಮನೆಯ ಅಂಗಳದಲ್ಲಿ ಕಡಪ ಇತ್ತು, ಮಧ್ಯಾಹ್ನ ಹಪ್ಪಳ ಒಣಗಿಸಲು ಹೋದರೆ ಕುಣಿಯುತ್ತಾ ವಾಪಸ್ ಬರಬೇಕಿತ್ತು. ಅಕ್ಕ ಚಪ್ಪಲಿ ಹಾಕುವವರಲ್ಲ. ಹುಡುಗ ಅಷ್ಟರಲ್ಲಿ ಒರೆಸುವ ಬಟ್ಟೆ ತಂದು ನನ್ನ ಕಾಲ ಬಳಿ ನಿಂತಿದ್ದ. ಥ್ಯಾಂಕ್ಸ್ ಹೇಳಿ ಬಂದೆ.

ನಿಡಘಟ್ಟದ ಹತ್ತಿರ ಹೈವೇ ಪಕ್ಕದಲ್ಲಿ ಗಿಡ, ಕುಂಡ, ತೋಟದ ಕಲ್ಲು ಮಾರುವ ಒಂದು ಜಾಗವಿದೆ. ಮಗ ಮದ್ದೂರಿಗೆ ಹೋಗುವಾಗ ಅವನ ಜೊತೆ ಕಾರಿನಲ್ಲಿ ಹೋಗಿ, ಊರು ದಾಟಿಸಿ ಅಲ್ಲಿ ಇಳಿಸು ಎಂದೆ. ಅಲ್ಲಿ ಬಿಳಿಯ ನುಣ್ಣನೆ ಪೆಬಲ್ಸ್ ರಾಶಿ ಹಾಕಿದ್ದರು. ನೋಡಿ ನನ್ನ ಎದೆ ಒಂದು ಕ್ಷಣ ಮೆತ್ತಗಾಯಿತು. ನಮ್ಮ ಕಾನ್ವೆಂಟಿನ ಗೇಟಿನಿಂದ ಚಾಪೆಲ್ ತನಕ ಬಿಳಿ ಕಲ್ಲಿನ ದಾರಿ ಇತ್ತು. ನಡೆದರೆ ಕರಕರ ಸದ್ದು. ಯಾವ ಸಿಸ್ಟರ್ ಬರುತ್ತಿದ್ದಾರೆ ಎಂದು ಸದ್ದಿನಲ್ಲೇ ಗುರುತು ಹಿಡಿಯುತ್ತಿದ್ದೆವು. ಮದರ್ ಸುಪೀರಿಯರ್ ಹೆಜ್ಜೆಗೆ ಮಾತ್ರ ಸದ್ದೇ ಇರುತ್ತಿರಲಿಲ್ಲ, ಹೇಗೆ ನಡೆಯುತ್ತಿದ್ದರೋ ದೇವರೇ ಬಲ್ಲ. ಹಿತ್ತಿಲ ತುಂಬ ಅದೇ ಕಲ್ಲು ಹಾಸಿದ ಹಾಗೆ, ನಾನು ಎರಡು ಜಡೆ ಹಾಕಿಕೊಂಡು ಅದರ ಮೇಲೆ ಓಡಿದ ಹಾಗೆ ಅನ್ನಿಸಿತು. ಆಮೇಲೆ ಅಕ್ಕನ ಕೋಲನ್ನು ರಾಶಿಯ ಅಂಚಿಗೆ ಊರಿದೆ. ಗೇಣುದ್ದ ಒಳಗೆ ಇಳಿದು ವಾಲಿತು.

"ನಡೆಯೋಕಾ ಅಮ್ಮ, ಅಲಂಕಾರಕ್ಕಾ?" ಎಂದ ಅಂಗಡಿಯವನು.

"ನಡೆಯೋಕೆ."

"ನಡ್ಯಾಕಾದ್ರೆ ಇದು ಬ್ಯಾಡ. ಅಲಂಕಾರುಕ್ಕಾದ್ರೆ ಎಷ್ಟು ಬೇಕೋ ಒಯ್ಯಿ."

ಆದರೂ ಒಂದು ಚೀಲ ತಂದೆ. ಸೂರಿನ ನೀರು ಬಿದ್ದು ಗೋಡೆಗೆ ಕೆಸರು ಹಾರುವ ಕಡೆ ಉದ್ದಕ್ಕೆ ಸುರಿದರೆ ಕೆಸರು ಹಾರುವುದಿಲ್ಲ. ವಾಪಸ್ ಬರುವಾಗ ಕಾರಿನಲ್ಲಿ, ತಂದದ್ದು ಅಷ್ಟಕ್ಕೇ ಎಂದು ಮಗನಿಗೆ ವಿವರಿಸಿದೆ. ಅವನು ಕೇಳಿರಲೇ ಇಲ್ಲ.

ಕೊನೆಗೆ ಕಲ್ಲು ಸಿಕ್ಕಿದ್ದು ಪೂರಿಗಾಲಿಯಲ್ಲಿ. ಅಲ್ಲಿ ಒಂದು ಹಳೇ ತೊಟ್ಟಿಮನೆ ಕೆಡವುತ್ತಿದ್ದರು. ಜಗಲಿಗೆ, ಅಂಗಳಕ್ಕೆ ಹಾಸಿದ್ದ ಬೂದು ಬಣ್ಣದ ಚಪ್ಪಡಿಗಳನ್ನು ಬೇಕಾದವರಿಗೆ ಕೊಡುತ್ತಿದ್ದಾರೆ ಎಂದು ಗೊತ್ತಾಯಿತು. ಹೊರಡುವಾಗ ಅಕ್ಕ ಒಳಗಿನಿಂದ ಕೂಗಿ ಹೇಳಿದ್ದರು:

"ಲೇ ದೊರ್ಸಾನಿ, ನೋಡ್ಕಂಡು ತಾ. ಅಳೇ ಮನೆ ಕಲ್ಲು ಅಂತ ಯಾವ್ದಾರ ದೇವರ್ ಕಲ್ಲು, ವೀರಗಲ್ಲು ತಂದು ಇಕ್ಬುಟ್ಟಿಯೆ. ಆಮ್ಯಾಕೆ ಅದ್ರ ಮ್ಯಾಲೆ ನಾವು ಕಾಲಿಕ್ಬುಟ್ರೆ ಒಳ್ಳೇದಲ್ಲ."

ಒಂದೊಂದನ್ನೂ ಎರಡೂ ಕಡೆ ಹೊರಳಿಸಿ ನೋಡಿದೆ. ಕೆತ್ತನೆ ಇದ್ದದ್ದು, ಒರಳಿನ ಗುಳಿ ಇದ್ದದ್ದು ಪಕ್ಕಕ್ಕೆ ಇಡಿಸಿದೆ. ಮೇಲ್ಮುಖ ತಲೆಮಾರುಗಳು ಕೂತೆದ್ದು ನುಣ್ಣಗಾಗಿತ್ತು, ನೀರು ಹಾಕಿದರೆ ಅಲ್ಲೂ ಕೋಲು ಜಾರಿತು. ನಿರಾಸೆಯಾಯಿತು. ಆಮೇಲೆ ಮಣ್ಣಿಗೆ ಒರಗಿದ್ದ ಕೆಳಮುಖವನ್ನು ತೊಳೆಸಿದೆ. ಉಳಿಯ ಏಟುಗಳು ನೆನ್ನೆ ಹೊಡೆದ ಹಾಗೆ ಇದ್ದವು. ರುಬ್ಬುವ ಕಲ್ಲು ಸವೆದಾಗ ಬೀದಿಯಲ್ಲಿ ಬರುವವರ ಕೈಲಿ ಚುಕ್ಕಿ ಚುಕ್ಕಿಯಾಗಿ ಹೊಡೆಸುತ್ತಿದ್ದೆವಲ್ಲ, ಅಂಥ ಒರಟು. ಚುಚ್ಚುವುದಿಲ್ಲ, ಹಿಡಿದುಕೊಳ್ಳುತ್ತದೆ. ನೀರು ಸುರಿದು, ಬರಿಗಾಲಲ್ಲಿ ನಿಂತು, ಕೋಲಿನ ಮೇಲೆ ನನ್ನ ಪೂರ್ತಿ ಭಾರ ಬಿಟ್ಟೆ. ಕದಲಲಿಲ್ಲ.

"ಉಲ್ಟಾ ಹಾಕ್ತೀನಿ," ಎಂದು ಅಲ್ಲೇ ಜೋರಾಗಿ ಹೇಳಿದೆ. ಟ್ರ್ಯಾಕ್ಟರಿನವನು ಸುತ್ತ ನೋಡಿದ, ಯಾರಿಗೆ ಹೇಳುತ್ತಿದ್ದೇನೆ ಎಂದು.

ಕಲ್ಲು ಬಂದ ಮರುದಿನ ಮೇಸ್ತ್ರಿ ಬಂದರು. ಸುತ್ತಮುತ್ತ ಕಾಂಪೌಂಡು, ಮೆಟ್ಟಿಲು ಎಲ್ಲ ಅವರದೇ ಕೆಲಸ. ಬಾಯಿ ಸ್ವಲ್ಪ ಹೆಚ್ಚು. ಹಳೇ ಸಿಮೆಂಟಿನ ಮೇಲೇ ಚಪ್ಪಡಿ ಅಂಟಿಸಿಬಿಡೋಣ ಎಂದರು. ನಾನು ಬೇಡವೆಂದೆ. ಕೆಳಗೆ ನೀರು ನಿಂತರೆ ಮತ್ತೆ ಪಾಚಿ, ಮತ್ತೆ ಅದೇ ಕಥೆ. ಸಿಮೆಂಟು ಒಡೆಯಬೇಕು, ಗೇಣು ಅಗೆಯಬೇಕು, ಕೆಳಗೆ ಜಲ್ಲಿ, ಅದರ ಮೇಲೆ ಕ್ರಷರಿನ ಕಲ್ಲುಪುಡಿ ಹಾಕಿ, ಗಟ್ಟಿಯಾಗಿ ಕುಟ್ಟಿ ದಮ್ಮಸು ಮಾಡಿ, ಆಮೇಲೆ ಚಪ್ಪಡಿ ಕೂರಿಸಬೇಕು, ಸಂದಿಯಲ್ಲಿ ಮಣ್ಣು ತುಂಬಿ ಗರಿಕೆ ನೆಡಬೇಕು. ಬಿದ್ದ ನೀರು ಬಿದ್ದಲ್ಲೇ ಇಳಿಯಬೇಕು.

ಸುತ್ತಿಗೆಯ ಮೊದಲ ಏಟು ಬಿದ್ದಾಗ ನಾನು ಒಳಗೆ ಹೋಗಿ ದೇವರಮನೆಯ ಬಾಗಿಲಲ್ಲಿ ನಿಂತುಕೊಂಡೆ. ನಮ್ಮವರ ಕನ್ನಡಿ. ಅದನ್ನು ತೀಡಿಸುವಾಗ ಅವರು ಪ್ಯಾಂಟು ಮಡಚಿಕೊಂಡು ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕೂತಿದ್ದರು. ಆಮೇಲೆ ಸೆಂಟಿಮೆಂಟ್ ಸಾಕೆಂದು ಸೆರಗು ಸಿಕ್ಕಿಸಿಕೊಂಡು ಹೊರಗೆ ಬಂದೆ.

ಚಪ್ಪಡಿಗಳ ನಡುವೆ ಎಷ್ಟು ದೂರ ಬಿಡಬೇಕು ಎನ್ನುವುದಕ್ಕೆ ನನ್ನ ಬಳಿ ಅಳತೆ ಸಿದ್ಧವಿತ್ತು. ಹಿಂದಿನ ದಿನ ಅಕ್ಕ ಬಚ್ಚಲಿನಿಂದ ಕಾಲು ತೊಳೆದು ಬಂದವರನ್ನು ಒರೆಸಿಕೊಳ್ಳಲು ಬಿಡದೆ, ನಡುಮನೆಯ ಕೆಂಪು ನೆಲದ ಮೇಲೆ ಹಾಗೇ ನಡೆಸಿ, ಒದ್ದೆ ಹೆಜ್ಜೆಗಳ ಸುತ್ತ ಸೀಮೆಸುಣ್ಣದಲ್ಲಿ ಗೆರೆ ಎಳೆದಿದ್ದೆ.

"ಏನಮ್ಮ ಇದು, ಗೋಕುಲಾಷ್ಟಮಿನಾ?" ಎಂದಿದ್ದರು ಅಕ್ಕ. "ಕೃಷ್ಣ ಬೆಣ್ಣೆ ಕೇಳ್ತಾನೆ, ನಾನೇನ್ ಕೇಳ್ಲಿ?"

"ಸುಮ್ನೆ ನಡೀರಿ. ನೇರ ನೋಡಿ. ಹೆಜ್ಜೆ ನೋಡ್ಕೊಂಡು ನಡೆದ್ರೆ ಅಳತೆ ಸುಳ್ಳಾಗುತ್ತೆ."

ಹೆಜ್ಜೆಯಿಂದ ಹೆಜ್ಜೆಗಿದ್ದ ಆ ಅಳತೆಗೆ ಮುರಿದಿಟ್ಟುಕೊಂಡಿದ್ದ ಕಡ್ಡಿಯನ್ನು ಮೇಸ್ತ್ರಿ ಕೈಗೆ ಕೊಟ್ಟೆ. ಅವರು ಕಡ್ಡಿ ನೋಡಿದರು, ಹಿತ್ತಿಲು ನೋಡಿದರು.

"ಅಮ್ಮಾವ್ರೆ, ಇಷ್ಟ್ ಅತ್ರತ್ರಕ್ಕೆ ಕೂರ್ಸುದ್ರೆ ಕೋಳಿ ಎಜ್ಜೆ ಇಕ್ದಂಗೆ ಕಾಣ್ತದೆ. ನಾಕ್ ಜನ ನೋಡ್ದೋರು ನನ್ನ ಬೈತಾರೆ."

"ಬೈಯ್ಯಲಿ. ಕೂರಿಸಿ."

ಬಾಗಿಲ ಒಳಗಿನಿಂದ ಅಕ್ಕನ ಧ್ವನಿ ಬಂತು. "ಯಾರ್ಲಾ ಅದು, ನನ್ನ ಕೋಳಿ ಅಂದದ್ದು?"

"ನಾಟಿ ಕೋಳಿ ಅಂದೆ ಕಣವ್ವ. ಫಾರಂ ಕೋಳಿ ಅಲ್ಲ."

"ಅಂಗಾರೆ ಸರಿ, ಮಾಡು ಕೆಲ್ಸವ."

ಒಂದು ವಿಷಯದಲ್ಲಿ ಮಾತ್ರ ಮೇಸ್ತ್ರಿ ಮಾತು ಕೇಳಿದೆ. ಚಪ್ಪಡಿ ಮಣ್ಣಿಗಿಂತ ಸ್ವಲ್ಪ ಮೇಲಿದ್ದರೆ ಚೆಂದ ಎಂದು ನನಗಿತ್ತು, ಇಂಗ್ಲಿಷ್ ಮ್ಯಾಗಜೀನುಗಳಲ್ಲಿ ಹಾಗೇ ಇರುತ್ತದೆ. ಅಂಚು ಎದ್ದರೆ ಕೋಲು ಎಡವುತ್ತದೆ ಎಂದರು ಅವರು. ನೆಲಕ್ಕೆ ಸಮವಾಗಿ ಕೂರಿಸಿದೆವು. ಪ್ರತಿ ಚಪ್ಪಡಿ ಕೂತ ಮೇಲೆ ನಾನು ಅದರ ಮೂಲೆಮೂಲೆಗೂ ನಿಂತು ಮೈ ಅಲ್ಲಾಡಿಸುತ್ತಿದ್ದೆ. ಒಂದಿಷ್ಟು ಗುಡುಗುಡು ಎಂದರೂ ಎಬ್ಬಿಸಿ, ಪುಡಿ ಹಾಕಿ, ಮತ್ತೆ ಕೂರಿಸಬೇಕು. ಮೇಸ್ತ್ರಿ ಹಾರೆ ಹಿಡಿದು ನಿಟ್ಟುಸಿರು ಬಿಡುತ್ತಿದ್ದರು.

ಎಡವಟ್ಟಾದದ್ದು ಮೊದಲ ಚಪ್ಪಡಿಯಲ್ಲಿ. ಅದು ಹಿಂಬಾಗಿಲಿನ ಮೆಟ್ಟಿಲ ಬುಡದ್ದು. ಇಳಿದವರು ಎರಡೂ ಕಾಲೂರಿ, ಕೋಲೂರಿ, ಒಂದು ಗಳಿಗೆ ಸುಧಾರಿಸಿಕೊಂಡು ಹೊರಡಲಿ ಎಂದು ಎಲ್ಲಕ್ಕಿಂತ ಅಗಲವಾದದ್ದನ್ನು ಅಲ್ಲಿಗೆ ಆರಿಸಿಟ್ಟಿದ್ದೆ. ನಮ್ಮ ಕಡೆ ಯಾವ ಕೆಲಸ ಶುರು ಮಾಡಿದರೂ ಒಂದು ಚಿಕ್ಕ ಕಲ್ಲಿಗೋ ಇಟ್ಟಿಗೆಗೋ ಅರಿಶಿನ ಕುಂಕುಮ ಇಟ್ಟು ಪೂಜೆ ಮಾಡುತ್ತೇವೆ. ಪೂಜೆಯಾದ ಕಲ್ಲನ್ನು ಮೂಲೆಗೆ ಸೇರಿಸುತ್ತೇವೆ, ಯಾರೂ ತುಳಿಯುವುದಿಲ್ಲ. ಆವತ್ತು ಆ ಅಗಲದ ಚಪ್ಪಡಿ ಕೂರಿಸಿ ಎಲ್ಲರೂ ಮುಂಬಾಗಿಲಿಗೆ ಕಾಫಿಗೆ ಹೋದೆವು. ವಾಪಸ್ ಬಂದರೆ ಅಕ್ಕ ಮೆಟ್ಟಿಲ ಮೇಲೆ ಕೂತು, ಬಗ್ಗಿ, ಅದೇ ಚಪ್ಪಡಿಗೆ ಮೂರು ಪಟ್ಟೆ ಅರಿಶಿನ ಎಳೆದು, ನಡುವೆ ಕಾಸಗಲ ಕುಂಕುಮ ಇಟ್ಟು, ದಾಸವಾಳ ಏರಿಸುತ್ತಿದ್ದರು.

"ಕೈಗೆ ಎಟುಕ್ತು. ಪೂಜೆ ಇಲ್ದೆ ಯಾಕೆ ಕೆಲ್ಸ ಅಂತ ಇಕ್ಬುಟ್ಟೆ. ಕಾಯಿ ತಾ."

ಬಿದ್ದ ಮೇಲೆ ಅಕ್ಕ ಹೊಸಿಲಿನಿಂದ ಹೊರಗೆ ಕೈ ಚಾಚಿದ್ದು ಅದೇ ಮೊದಲು. ನನಗೆ ಆ ಸಂತೋಷದಲ್ಲಿ ಬೇರೇನೂ ಹೊಳೆಯಲಿಲ್ಲ. ಓಡಿಹೋಗಿ ಕಾಯಿ ತಂದು ಒಡೆದೆ. ಮೇಸ್ತ್ರಿ ಕರ್ಪೂರ ಹಚ್ಚಿದರು. ಎಲ್ಲರೂ ಕೈಮುಗಿದೆವು. ಆಮೇಲಿನ ಅಷ್ಟೂ ಕೆಲಸ ಮುಗಿಯುವವರೆಗೆ ನಾನು, ಮೇಸ್ತ್ರಿ, ಜಲ್ಲಿ ಹೊರುವವರು, ಎಲ್ಲರೂ ಆ ಚಪ್ಪಡಿಯನ್ನು ದಾಟಿಕೊಂಡೇ ಓಡಾಡಿದ್ದೇವೆ. ಯಾರೂ ಹೇಳದೆ ಕಾಲು ತಾನಾಗಿಯೇ ದಾಟುತ್ತಿತ್ತು. ಕೋಲು ಹಿಡಿದವರು ಅದನ್ನು ದಾಟಲಾರರು ಎನ್ನುವುದು ಒಬ್ಬರ ತಲೆಗೂ ಬರಲಿಲ್ಲ.

ದೀಪಾವಳಿ ಕಳೆದು ಕೆಲಸ ಮುಗಿಯಿತು. ಭಾನುವಾರ ಬಂಡೂರಿನವರು ಬರುತ್ತಾರೆ ಎಂದು ಮಗ ಹೇಳಿದ್ದ. ಗುರುವಾರ ಬೆಳಗ್ಗೆ ಅಕ್ಕ ಸ್ನಾನ ಮಾಡಿ, ಒಳ್ಳೆ ಸೀರೆ ಉಟ್ಟು ಹಿಂಬಾಗಿಲಿಗೆ ಬಂದರು. ಕೊನೆಯ ಮೆಟ್ಟಿಲವರೆಗೆ ಇಳಿದರು. ಕೋಲನ್ನು ಮುಂದೆ ಚಾಚಿದರು, ಹಿಂದಕ್ಕೆ ತೆಗೆದುಕೊಂಡರು.

"ಏನಾಯ್ತು ಅಕ್ಕ?"

"ಕಾಲಿಕ್ಕದೆಂಗೆ? ನಾನೇ ಕುಂಕುಮ ಇಕ್ಕಿವ್ನಿ."

ಮಗ ಬೈಕ್ ಕೀ ಕೈಲಿ ಹಿಡಿದು ಬಂದ. "ತೊಳುದ್ರಾಯ್ತು ಅತ್ತೆ. ಒಂದ್ ಬಕೆಟ್ ನೀರಾಕುದ್ರೆ ಓಯ್ತದೆ."

"ನೀರಾಕುದ್ರೆ ಕುಂಕುಮ ಓಯ್ತದೆ ಕಣ್ಲಾ. ನಾನು ಕೈ ಮುಗ್ದಿದ್ದು ಓಯ್ತದಾ?"

'ಶೀರ್ ನಾನ್ಸೆನ್ಸ್' ಎನ್ನುವ ಮಾತು ನನ್ನ ನಾಲಿಗೆಯ ತುದಿಯವರೆಗೆ ಬಂತು. ತೋರಿಸಿಯೇ ಕೊಡೋಣ ಎಂದು ಚಪ್ಪಡಿಯ ಮೇಲೆ ನಾನೇ ಕಾಲಿಡಲು ಹೋದೆ. ಕಾಲು ಗಾಳಿಯಲ್ಲಿ ನಿಂತಿತು, ಆಮೇಲೆ ಆಚೆಗೆ ದಾಟಿತು. ಅಷ್ಟು ವರ್ಷ ನನಗೆ ಬೈಬಲ್ ಕಥೆ ಹೇಳಿದ ಸಿಸ್ಟರುಗಳು ನನ್ನ ಕಾಲಿಗೆ ಏನನ್ನೂ ಹೇಳಿರಲಿಲ್ಲ ಎಂದು ಕಾಣುತ್ತದೆ.

ಅಕ್ಕನ ಕಣ್ಣು ಚಪ್ಪಡಿಯನ್ನು ಬಿಟ್ಟು, ಅದರಾಚೆ ತಾವು ಬಿದ್ದ ಜಾಗಕ್ಕೆ ಹೋಗಿಬಂದದ್ದನ್ನೂ ನೋಡಿದೆ. ಅದು ಭಕ್ತಿಯೋ, ಮತ್ತೆ ಬೀಳುವ ಭಯಕ್ಕೆ ಸಿಕ್ಕಿದ ನೆಪವೋ ನನಗೆ ಗೊತ್ತಾಗಲಿಲ್ಲ. ಅವರಿಗೂ ಗೊತ್ತಿರಲಿಲ್ಲ ಎಂದೇ ನನ್ನ ಎಣಿಕೆ. ಮಗ ನನ್ನನ್ನು ಪಕ್ಕಕ್ಕೆ ಕರೆದ.

"ಬುಟ್ಬುಡು ಅಮ್ಮ. ಅತ್ತೆಗೆ ಓಗೋ ಮನ್ಸಿಲ್ಲ. ನೀನು ಮಾಡೋದು ಮಾಡ್ದೆ."

"ಭಾನುವಾರ ಇನ್ನೂ ಬಂದಿಲ್ಲ," ಎಂದೆ.

ಮೇಸ್ತ್ರಿಗೆ ಫೋನ್ ಮಾಡಿದೆ. ವಿಷಯ ಕೇಳಿ ಅವರು ಮೊದಲು ನಕ್ಕರು, ಆಮೇಲೆ ತಾವೂ ಕೈಮುಗಿದದ್ದು ನೆನಪಾಗಿ, ನಾಳೆಯೇ ಬರುತ್ತೇನೆ ಎಂದರು. ಶುಕ್ರವಾರ ಇನ್ನೊಬ್ಬರನ್ನು ಕರೆದುಕೊಂಡು ಹಾರೆ ಸಮೇತ ಬಂದರು. ಟ್ರ್ಯಾಕ್ಟರಿನಿಂದ ಇಳಿಸುವಾಗ ನಡುವೆ ಸೀಳಿದ್ದ ಒಂದು ಚಪ್ಪಡಿ ಮೂಲೆಯಲ್ಲಿತ್ತು. ಅದರ ಎರಡು ತುಂಡನ್ನೂ ಒತ್ತಾಗಿ ಜೋಡಿಸಿ ಮೆಟ್ಟಿಲ ಬುಡಕ್ಕೆ ಹಾಕಿಸಿದೆ. ನಾನೇ ಹತ್ತಿ ನಿಂತು ಮೂಲೆಮೂಲೆಗೂ ಅಲ್ಲಾಡಿ ನೋಡಿದೆ. ಇದಕ್ಕೆ ಯಾರೂ ಏನೂ ಹಚ್ಚಕೂಡದು ಎಂದು ಕುಂಕುಮದ ಭರಣಿಯನ್ನೇ ಎತ್ತಿ ಅಡುಗೆಮನೆಯ ಮೇಲಿನ ಹಲಗೆಗೆ ಸೇರಿಸಿದೆ.

ಎಬ್ಬಿಸಿದ ಅಗಲದ ಚಪ್ಪಡಿಯನ್ನು ಇಬ್ಬರೂ ಹಗ್ಗ ಕಟ್ಟಿ ಹೊತ್ತರು. ಮಣೆಯ ಮೇಲೆ ಕೂತಿದ್ದ ಅಕ್ಕ ಕತ್ತು ಉದ್ದ ಮಾಡಿದರು.

"ಎಲ್ಗ್ಲಾ ಒತ್ಕಂಡೋಯ್ತಿದ್ದೀಯ ಅದ್ನ?"

"ಅಮ್ಮಾವ್ರು ಕೊಟ್ಟಿಗೆ ತಾವ ನಿಲ್ಸು ಅಂದವ್ರೆ ಕಣವ್ವ."

"ಕೊಟ್ಟಿಗೆ ತಾವ್ಕಾ? ಇಲ್ಲೇ ಬಾಗ್ಲು ಪಕ್ಕ ನಿಲ್ಸು. ಕುಂತಲ್ಲೇ ಊವಾ ಇಕ್ತೀನಿ."

"ಅದಕ್ಕೇ ಅಲ್ಲಿ ನಿಲ್ಲಿಸ್ತಿರೋದು," ಎಂದೆ ನಾನು.

ಅಕ್ಕ ನನ್ನ ಮುಖ ನೋಡಿದರು. ಚಪ್ಪಡಿ ಇಳಿಜಾರಿನಲ್ಲಿ ಕೆಳಗೆ, ಕೊಟ್ಟಿಗೆಯ ಕಂಬದ ಪಕ್ಕದಲ್ಲಿ, ಅರ್ಧ ಅಡಿ ಮಣ್ಣಿನೊಳಗೆ ಕೂತು ನೆಟ್ಟಗೆ ನಿಂತಿತು. ಅರಿಶಿನದ ಪಟ್ಟೆಗಳು ನಮ್ಮ ಕಡೆಗೇ ಮುಖ ಮಾಡಿದ್ದವು. ಕುರಿಗಳು ಬಂದು ಮೂಸಿದವು.

"ದಿನಾ ಪೂಜೆ ಯಾರ್ ಮಾಡರು ಅದ್ಕೆ?"

"ಕುಂಕುಮ ಇಟ್ಟವರು. ನನಗೆ ಅದೆಲ್ಲ ಬರಲ್ಲ ಅಕ್ಕ. ನಾನು ಕಾನ್ವೆಂಟಿನಲ್ಲಿ ಓದಿದವಳು."

"ಐನಾತಿ ದೊರ್ಸಾನಿ ಕಣೆ ನೀನು," ಎಂದರು ಅಕ್ಕ. ಮೇಸ್ತ್ರಿ ಹಗ್ಗ ಸುತ್ತುತ್ತಾ ಬೇರೆ ಕಡೆ ತಿರುಗಿ ನಿಂತರು.

ಶನಿವಾರ ಕಲ್ಲಿಗೆ ಹೂವಿಲ್ಲ, ದೀಪವಿಲ್ಲ. 'ಇಕ್ಬುಟ್ ಬಾ ಓಗು' ಎಂದು ಅಕ್ಕ ಹೇಳಿದರು, ನಾನು ಪೇಪರ್ ಓದುತ್ತಿದ್ದೆ. ಸ್ವಲ್ಪ ಹೊತ್ತು ಬಿಟ್ಟು, ಸುಮ್ಮನೆ ಒಂದು ದಾಸವಾಳ ಎಸೆದು ಬಾ ಎಂದರು. ನಾನು ಪುಟ ತಿರುಗಿಸಿದೆ. ಮಧ್ಯಾಹ್ನ ಮಗನನ್ನು ಕೇಳಿದರು, ಅವನು ನನ್ನ ಮುಖ ನೋಡಿ ಬೇಗನೆ ಎದ್ದುಹೋದ. ಸುಲಭವಿರಲಿಲ್ಲ ನನಗೂ. ಅಕ್ಕ ಬಿದ್ದ ಬೆಳಗ್ಗೆ ಅವರನ್ನು ಎತ್ತಿದ್ದು ನಾನು, ಅವರ ಮೈ ಎಷ್ಟು ಹಗುರವಾಗಿತ್ತು ಎಂದು ನನ್ನ ತೋಳಿಗೆ ಇನ್ನೂ ನೆನಪಿದೆ. ಮತ್ತೆ ಬಿದ್ದರೆ? ಆ ಪ್ರಶ್ನೆಯನ್ನು ಪೇಪರಿನ ಹಿಂದೆ ಇಟ್ಟುಕೊಂಡು ಇಡೀ ದಿನ ಕೂತಿದ್ದೆ.

ಭಾನುವಾರ ಬೆಳಗ್ಗೆ ಅಡುಗೆಮನೆಯಲ್ಲಿ ಸದ್ದಾಯಿತು. ಅಕ್ಕ ಕೋಲಿನಿಂದ ಹಲಗೆಯ ಮೇಲಿನ ಕುಂಕುಮದ ಭರಣಿಯನ್ನು ಅಂಚಿಗೆ ಎಳೆಯುತ್ತಿದ್ದರು. ಮಾತಾಡದೆ ಇಳಿಸಿಕೊಟ್ಟೆ. ಒಂದು ಪುಟ್ಟ ತಟ್ಟೆಗೆ ಹೂವು, ಭರಣಿ ಇಟ್ಟುಕೊಂಡು ಹಿಂಬಾಗಿಲಿಗೆ ಬಂದರು. ಗಾಯವಾಗಿದ್ದ ಕೈಯಲ್ಲಿ ತಟ್ಟೆ, ಇನ್ನೊಂದರಲ್ಲಿ ಕೋಲು. ಬೆಳಗಿನ ಜಾವ ಒಂದು ಹನಿ ಮಳೆ ಬಿದ್ದು ಕಲ್ಲೆಲ್ಲ ಒದ್ದೆಯಾಗಿತ್ತು.

"ಕೈ ಹಿಡೀಲಾ?" ಎಂದೆ.

"ಬ್ಯಾಡ. ದೂರ ನಿಂತ್ಕೊ."

ಎರಡು ಕೈಯನ್ನೂ ಬೆನ್ನ ಹಿಂದೆ ಕಟ್ಟಿಕೊಂಡು ನಿಂತೆ, ಕೈ ತಾನಾಗಿ ಮುಂದೆ ಹೋಗದಿರಲಿ ಎಂದು. ಅಕ್ಕ ಜೋಡಿ ತುಂಡಿನ ಮೇಲೆ ಇಳಿದರು. ಒಂದು ಗಳಿಗೆ ನಿಂತರು. ಕೋಲನ್ನು ಮುಂದಿನ ಚಪ್ಪಡಿಗೆ ಊರಿ, ಒತ್ತಿ, ತಿರುಗಿಸಿ ನೋಡಿದರು. ಕಾಲಿಟ್ಟರು. ಮತ್ತೆ ಕೋಲು, ಮತ್ತೆ ಕಾಲು. ಬೆರಳುಗಳು ಕಲ್ಲನ್ನು ಅಗಲವಾಗಿ ಹಿಡಿದುಕೊಳ್ಳುತ್ತಿದ್ದದ್ದು ಅಲ್ಲಿಂದಲೇ ಕಾಣುತ್ತಿತ್ತು. ತಾವು ಬಿದ್ದ ಜಾಗ ಬಂದಾಗ ನಿಂತುಬಿಟ್ಟರು. ನಾನು ಮೆಟ್ಟಿಲು ಇಳಿದೆ, ಅಲ್ಲೇ ನಿಂತೆ. ಮುಂದೆ ಹೋಗಲಿಲ್ಲ. ಅಕ್ಕ ಒಮ್ಮೆ ಕೆಮ್ಮಿದರು. ಕೆಳಗೆ ಎರಡು ಕತ್ತುಗಳು ಕೊಟ್ಟಿಗೆಯಿಂದ ಹೊರಗೆ ಬಂದವು.

"ಬಂದೆ ಬುಡ್ರೇ," ಎಂದು ಅವುಗಳನ್ನೇ ಗದರಿ, ಮುಂದಿನ ಚಪ್ಪಡಿಗೆ ಕಾಲಿಟ್ಟರು.

ಕಲ್ಲಿಗೆ ಹೂವಿಟ್ಟದ್ದು ಅರೆಗಳಿಗೆ. ಉಳಿದ ಹೊತ್ತೆಲ್ಲ ಕಂಬಕ್ಕೆ ಒರಗಿ ಕುರಿಗಳ ಕಿವಿ, ಗೊರಸು, ಹಲ್ಲು ತಪಾಸಣೆ. ಸರಿಯಾಗಿ ನೋಡಿಕೊಂಡಿಲ್ಲ ಎಂದು ನನಗೆ ಬೈಗುಳ.

ಅಷ್ಟರಲ್ಲಿ ಮುಂಬಾಗಿಲಲ್ಲಿ ಗಾಡಿ ನಿಂತಿತು. ಬಂಡೂರಿನವರು ಮಗನ ಹಿಂದೆ ಹಿತ್ತಿಲಿಗೆ ಬಂದರು. ಮಗ ಮೆಟ್ಟಿಲ ಮೇಲೆ ನಿಂತು ಕೆಳಗೆ ನೋಡಿದ. ನನ್ನನ್ನು ನೋಡಿದ. ಮತ್ತೆ ಕೆಳಗೆ ನೋಡಿದ.

"ಅತ್ತೆ, ಒಬ್ರೇ ಇಳುದ್ರಾ?"

"ಇಲ್ಲ, ಏಳು ಜನ ಒತ್ಕಂಡ್ ಬಂದ್ರು. ಯಾರ್ಲಾ ಅವ್ರು ನಿನ್ನಿಂದೆ?"

"ಕುರಿ ನೋಡಾಕೆ ಬಂದವ್ರೆ."

"ನೋಡ್ಲಿ. ನೋಡಾಕೇನು. ಕಾಫಿ ಕುಡ್ದು ಓಗಾಕೇಳು. ಕೊಡಾಕಿಲ್ಲ."

ಬಂದವರು ನಗುತ್ತಾ, "ಅಲ್ಲ ಅಜ್ಜಿ, ಮಾತು ಕೊಟ್ಟಿದ್ರಲ್ಲ," ಎಂದರು.

"ನಾನ್ ಕೊಟ್ಟಿರ್ನಿಲ್ಲ. ಇವ್ಳು ಮರಿ ಆಕುದ್ರೆ ಬಾ ಮುಂದ್ಲೊರ್ಸ. ಆಗ ಮಾತಾಡಾಣ."

"ಮೇಲಕ್ಕೆ ಹತ್ತಾಕಾಯ್ತದಾ ಅತ್ತೆ? ಬರ್ಲಾ?" ಎಂದ ಮಗ.

"ಬತ್ತೀನಿ ಬುಡ್ಲಾ, ಅವಸ್ರ ಏನು. ಇವುಕ್ಕೆ ಆಕ್ಬುಟ್ಟು ಬತ್ತೀನಿ." ಆಮೇಲೆ ನನ್ನ ಕಡೆ ತಿರುಗಿದರು. "ಅಲ್ ನಿಂತ್ಕಂಡು ಏನ್ ನೋಡ್ತಿದ್ದೀಯ ದೊರ್ಸಾನಿ? ಸೊಪ್ಪು ತಾ. ಒಂದ್ ಕೈಲಿ ಕೋಲು, ಒಂದ್ ಕೈಲಿ ತಟ್ಟೆ. ಸೊಪ್ಪೇನು ಬಾಯಲ್ಲಿ ಕಚ್ಕಂಡ್ ಬರ್ಲಾ?"

ಕಣ್ಣು ಒರೆಸಿಕೊಳ್ಳಲು ನನಗೆ ಪುರುಸೊತ್ತು ಕೊಡಲಿಲ್ಲ ಅವರು. ಕುಕ್ಕೆ ತರಲು ಒಳಗೆ ಹೋದೆ.